ಪಕ್ಕದ ಕಾರ್ಖಾನೆಯ ಸಿಎಸ್‌ಆರ್ ಹಣ ನಮ್ಮೂರ ಶಾಲೆಗೆ ಬರಬೇಕಾದರೆ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಕೈಗಾರಿಕಾ ಪ್ರದೇಶವೊಂದರ ಮಗ್ಗುಲಿನ ಹಳ್ಳಿಯವಳು, ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ. ಕೆಲವು ವರ್ಷಗಳ ಹಿಂದೆ ಹತ್ತಿರದ ಕಾರ್ಖಾನೆಯವರು ಶಾಲೆಗೆ ಶೌಚಾಲಯ ಕಟ್ಟಿಸಿ, ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸಿಕೊಟ್ಟರು. ಈಗ ಎರಡಕ್ಕೂ ಬೀಗ ಬಿದ್ದಿದೆ. ರಿಪೇರಿ ಮಾಡಿಸಿಕೊಡಿ ಎಂದರೆ ‘ನಮ್ಮ ಕೆಲಸ ಮುಗಿದಿದೆ’ ಎನ್ನುತ್ತಾರೆ. ಕಂಪನಿಗಳು ಲಾಭದ ಶೇ 2ರಷ್ಟನ್ನು ಸುತ್ತಲಿನ ಊರುಗಳಿಗೆ ಕೊಡಲೇಬೇಕೆಂಬ ಕಾನೂನಿದೆಯಂತೆ, ನಿಜವೇ? ಯಾರನ್ನು, ಹೇಗೆ ಕೇಳಬೇಕು? ಹಣ ತರಿಸಿಕೊಡುತ್ತೇನೆ, ನೂರಕ್ಕೆ ಹತ್ತು ನನಗೆ ಕೊಡಿ ಎನ್ನುವವರೊಬ್ಬರು ಬಂದಿದ್ದಾರೆ, ಒಪ್ಪಬಹುದೇ? ಕೈಗಾರಿಕಾ ಪ್ರದೇಶದ ಕಡೆಯಿಂದ ನಮ್ಮ ಕೆರೆಗೆ ಕೊಳಕು ನೀರು ಬರುತ್ತಿದೆ. ಅದೇ ಹಣದಲ್ಲಿ ಕೆರೆಯನ್ನೂ ಸ್ವಚ್ಛ ಮಾಡಿಸಿಕೊಳ್ಳಬಹುದೇ?

ಉತ್ತರ: ಕಂಪನಿ ಹಣ ಖರ್ಚು ಮಾಡಲೇಬೇಕು ಎಂಬುದು ನಿಜ. ನಿಮ್ಮ ಊರಿಗೇ ಖರ್ಚು ಮಾಡಬೇಕು ಎಂಬುದು ನಿಜವಲ್ಲ. ಈ ಎರಡು ಮಾತುಗಳ ನಡುವಿನ ಅಂತರ ಮನಸ್ಸಿಗೆ ಬಂದರೆ ಯಾರನ್ನು ಕೇಳಬೇಕು, ಏನನ್ನು ಕೇಳಬೇಕು, ಯಾವುದನ್ನು ಕೇಳಲೇಬಾರದು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಕಾನೂನನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಆರ್ಥಿಕ ವರ್ಷದಲ್ಲಿ 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ರೂಪಾಯಿ ಅಥವಾ ಹೆಚ್ಚಿನ ವಹಿವಾಟು, ಇಲ್ಲವೇ 5 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದು ಇದ್ದ ಕಂಪನಿಗೆ ಅದು ಅನ್ವಯಿಸುತ್ತದೆ. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿ ತೆಗೆದು, ಅದರ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್‌ನ, ಕೆಲಸಗಳಿಗೆ ಬಳಸಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಇಡೀ ಕಂಪನಿಯ ಲಾಭವೇ ಹೊರತು ನಿಮ್ಮ ಊರಿನ ಪಕ್ಕದ ಘಟಕದ ಲಾಭವಲ್ಲ. ಹಾಗಾಗಿ ದೊಡ್ಡ ಕಟ್ಟಡ, ಸಾಲುಗಟ್ಟಿದ ಬಸ್ಸುಗಳನ್ನು ನೋಡಿ ಹಣ ಎಷ್ಟಿರಬಹುದೆಂದು ಅಂದಾಜು ಮಾಡಲಾಗದು. ಹೊಸದಾಗಿ ಬಂಡವಾಳ ಹೂಡಿ ನಷ್ಟದಲ್ಲಿರುವ ದೊಡ್ಡ ಕಾರ್ಖಾನೆಗೆ ಖರ್ಚಿನ ಹೊಣೆ ಶೂನ್ಯವಿರಬಹುದು. ಅದರ ಬೆನ್ನಿಗೇ ಇರುವ, ಬಿಡಿಭಾಗ ತಯಾರಿಸುವ ಸಣ್ಣ ಕಂಪನಿಯ ಸರಾಸರಿ ಲಾಭ 20 ಕೋಟಿ ಇದ್ದರೆ ಅದು 40 ಲಕ್ಷ ರೂಪಾಯಿ ಖರ್ಚು ಮಾಡಬೇಕಾಗುತ್ತದೆ. ಒಂದು ಶಾಲೆಯ ದೃಷ್ಟಿಯಲ್ಲಿ 40 ಲಕ್ಷ ಸಣ್ಣ ಮೊತ್ತವೇನಲ್ಲ. ನಿಮ್ಮಂಥ ಸಮಿತಿಗಳು ಹೆಸರುವಾಸಿ ಕಂಪನಿಗಳ ಗೇಟಿನ ಮುಂದೆಯೇ ಸಾಲುಗಟ್ಟುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಪಕ್ಕದ ಸಣ್ಣ ಕಂಪನಿಯನ್ನು ಯಾರೂ ಕೇಳಿರುವುದಿಲ್ಲ.

ಇನ್ನು ‘ಸುತ್ತಲಿನ ಊರು’ ಎಂಬ ಮಾತು. ಕಂಪನಿ ತಾನು ಕೆಲಸ ಮಾಡುವ ಸ್ಥಳಕ್ಕೂ ಅದರ ಸುತ್ತಮುತ್ತಲಿನ ಪ್ರದೇಶಕ್ಕೂ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಇದು ಮಾರ್ಗದರ್ಶನದ ಸ್ವರೂಪದ್ದು, ಕಡ್ಡಾಯವಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವು 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಸ್ಪಷ್ಟೀಕರಣದಲ್ಲಿ ತಿಳಿಸಿದೆ. ಯಾವ ಊರಿನಲ್ಲಿ, ಯಾವ ಕೆಲಸಕ್ಕೆ, ಎಷ್ಟು ಹಣ ಎಂಬುದನ್ನು ತೀರ್ಮಾನಿಸುವುದು ಕಂಪನಿಯ ನಿರ್ದೇಶಕ ಮಂಡಳಿ. ಇಂಥ ಊರಿಗೇ ಕೊಡಿ ಎಂದು ಸರ್ಕಾರ ಕೂಡ ಅದಕ್ಕೆ ಆದೇಶಿಸುವಂತಿಲ್ಲ. ಆದ್ದರಿಂದ ‘ಕಾನೂನಿದೆ, ಕೊಡಿ’ ಎಂಬ ಧಾಟಿಯ ಮನವಿ ಪತ್ರದಿಂದ ಪ್ರಯೋಜನವಿಲ್ಲ. ಅದೇ ಪತ್ರದಲ್ಲಿ ‘ಕಾಯ್ದೆ ಹೇಳುವ ಸ್ಥಳೀಯ ಆದ್ಯತೆಗೆ ನಮ್ಮ ಶಾಲೆ ಒಳಪಡುತ್ತದೆ, ನಮ್ಮ ಅಗತ್ಯ ಇದು, ಅದಕ್ಕೆ ದಾಖಲೆ ಇದು’ ಎಂದಿದ್ದರೆ, ಅದನ್ನು ಓದಿದ ಅಧಿಕಾರಿಯು ಮಂಡಳಿಯ ಮುಂದಿಡಲು ಒಂದು ಆಧಾರ ದೊರೆಯುತ್ತದೆ.

ಸರ್ಕಾರಿ ಒಡೆತನದ ಕಂಪನಿಗಳಿಗೂ ಇದೇ ಸೆಕ್ಷನ್ ಅನ್ವಯಿಸುತ್ತದೆ. ಆದರೆ ಕೇಂದ್ರ ಸರ್ಕಾರದ ಉದ್ಯಮಗಳಿಗೆ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಿಗೆ, ಅಂದರೆ ಅಭಿವೃದ್ಧಿಯಲ್ಲಿ ಹಿಂದುಳಿದಿವೆ ಎಂದು ಕೇಂದ್ರ ಗುರುತಿಸಿದ ಜಿಲ್ಲೆಗಳಿಗೆ, ಆದ್ಯತೆ ಕೊಡಿ ಎಂಬ ಪ್ರತ್ಯೇಕ ಸೂಚನೆ ಇದೆ, ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ರಾಯಚೂರು ಮತ್ತು ಯಾದಗಿರಿ. ಕೋಲಾರದವರಾದ ನೀವು ಖಾಸಗಿ ಕಂಪನಿಗಳ ಕಡೆಗೇ ಹೆಚ್ಚು ಗಮನ ಕೊಡುವುದು ಒಳ್ಳೆಯದು.

ಯಾವ ಕಂಪನಿ ಏನು ಮಾಡುತ್ತಿದೆ ಎಂಬುದನ್ನು ತಿಳಿಯಲು ಯಾರ ಶಿಫಾರಸೂ ಬೇಕಿಲ್ಲ. ಕಂಪನಿಗೆ ಜಾಲತಾಣವಿದ್ದರೆ ಅದರ ಸಿಎಸ್‌ಆರ್ ಸಮಿತಿಯಲ್ಲಿ ಯಾರಿದ್ದಾರೆ, ಅದರ ನೀತಿ ಏನು, ಮಂಡಳಿ ಒಪ್ಪಿದ ಯೋಜನೆಗಳು ಯಾವುವು ಎಂಬುದನ್ನು ಅಲ್ಲಿ ಪ್ರಕಟಿಸುವುದು ಕಡ್ಡಾಯ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಜಾಲತಾಣದಲ್ಲಿ ಕಂಪನಿವಾರು, ರಾಜ್ಯವಾರು, ಜಿಲ್ಲಾವಾರು ಖರ್ಚಿನ ವಿವರ ಸಿಗುತ್ತದೆ. ನಿಮ್ಮ ಊರಿನ ಪದವಿ ಓದುತ್ತಿರುವ ಮಕ್ಕಳಲ್ಲಿ ಇಬ್ಬರನ್ನು ಕೂರಿಸಿ, ಹತ್ತು ಕಿಲೋಮೀಟರ್ ಆಸುಪಾಸಿನ ಎಲ್ಲ ಕಂಪನಿಗಳ ಹೆಸರು ಬರೆದು, ಪ್ರತಿಯೊಂದು ಕಂಪನಿ ಕಳೆದ ಎರಡು ಮೂರು ವರ್ಷಗಳಲ್ಲಿ ಯಾವ ಬಗೆಯ ಕೆಲಸಕ್ಕೆ ಹಣ ಕೊಟ್ಟಿದೆ ಎಂದು ಗುರುತು ಹಾಕಿಸಿ. ಆರೋಗ್ಯಕ್ಕೆ ಮಾತ್ರ ಹಣ ಕೊಡುವ ಕಂಪನಿಗೆ ಶಾಲಾ ಕೊಠಡಿಯ ಅರ್ಜಿ ಹಾಕಿ ಆರು ತಿಂಗಳು ಕಾಯುವುದು ತಪ್ಪುತ್ತದೆ.

ಕಂಪನಿಯೊಳಗೆ ಈ ತೀರ್ಮಾನ ನಡೆಯುವ ಬಗೆಯನ್ನೂ ತಿಳಿದಿರಬೇಕು. ಖರ್ಚಿನ ಹೊಣೆ 50 ಲಕ್ಷ ರೂಪಾಯಿಯನ್ನು ಮೀರಿದರೆ ನಿರ್ದೇಶಕರ ಸಿಎಸ್‌ಆರ್ ಸಮಿತಿ ಇರಬೇಕು. ಆ ಸಮಿತಿ ಪ್ರತಿವರ್ಷ ಒಂದು ಕ್ರಿಯಾ ಯೋಜನೆ ಸಿದ್ಧಪಡಿಸಿ ಮಂಡಳಿಯ ಒಪ್ಪಿಗೆ ಪಡೆಯುತ್ತದೆ. 50 ಲಕ್ಷದೊಳಗಿದ್ದರೆ ಸಮಿತಿ ಬೇಕಿಲ್ಲ, ಮಂಡಳಿಯೇ ನೇರವಾಗಿ ನಿರ್ಧರಿಸುತ್ತದೆ. ಸಣ್ಣ ಕಂಪನಿಗಳಲ್ಲಿ ಇದು ಬಹುಮಟ್ಟಿಗೆ ವ್ಯವಸ್ಥಾಪಕ ನಿರ್ದೇಶಕರ ಮಾತೇ ಆಗಿರುತ್ತದೆ. ಘಟಕದಲ್ಲಿ ನಿಮ್ಮನ್ನು ಭೇಟಿಯಾಗುವ ಮಾನವ ಸಂಪನ್ಮೂಲ ಅಧಿಕಾರಿಗೆ ಹಣ ಮಂಜೂರು ಮಾಡುವ ಅಧಿಕಾರವಿಲ್ಲ. ಆದರೆ ನಿಮ್ಮ ಕಾಗದ ಬೆಂಗಳೂರಿನ ಅಥವಾ ಮುಂಬೈನ ಕಚೇರಿಗೆ ಹೋಗುವುದು ಅವರ ಕೈಯಿಂದಲೇ. ಅವರು ‘ಆಗುವುದಿಲ್ಲ’ ಎಂದರೆ ಅದು ಕಂಪನಿಯ ಉತ್ತರವೆಂದು ತಿಳಿಯಬೇಡಿ, ಹಾಗೆಂದು ಅವರನ್ನು ಕಡೆಗಣಿಸಿ ಮೇಲಿನವರಿಗೆ ದೂರು ಹೇಳುವುದೂ ಬೇಡ. ಮುಂದಿನ ವರ್ಷದ ಯೋಜನೆ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ರೂಪುಗೊಂಡು, ಏಪ್ರಿಲ್–ಮೇ ಹೊತ್ತಿಗೆ ಮಂಡಳಿಯ ಮುಂದೆ ಬರುತ್ತದೆ. ನಿಮ್ಮ ಅರ್ಜಿ ಡಿಸೆಂಬರ್‌ನಲ್ಲಿ ಅವರ ಕೈಯಲ್ಲಿರಬೇಕು. ಶಾಲೆ ಶುರುವಾದ ಮೇಲೆ ಜೂನ್‌ನಲ್ಲಿ ಹೋದರೆ ಬಹುತೇಕ ಹಣ ಹಂಚಿಕೆಯಾಗಿರುತ್ತದೆ; ವರ್ಷದ ನಡುವೆ ಯೋಜನೆ ಬದಲಿಸಲು ಅವಕಾಶವಿದ್ದರೂ ಅದಕ್ಕೆ ಸಕಾರಣ ಬರೆಯಬೇಕಾಗುತ್ತದೆ, ಯಾವ ಅಧಿಕಾರಿಯೂ ಆ ತಾಪತ್ರಯವನ್ನು ಸುಲಭಕ್ಕೆ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಯಾವ ಕೆಲಸಕ್ಕೆ ಕೇಳಬಹುದು ಎಂಬುದಕ್ಕೆ ಕಾಯ್ದೆಯ 7ನೇ ಅನುಸೂಚಿಯೇ ಆಧಾರ. ಶಿಕ್ಷಣ, ಆರೋಗ್ಯ, ಪೌಷ್ಟಿಕ ಆಹಾರ, ಕುಡಿಯುವ ನೀರು, ನೈರ್ಮಲ್ಯ, ವೃತ್ತಿ ಕೌಶಲ, ಮಹಿಳೆಯರ ಸಬಲೀಕರಣ, ಪರಿಸರ, ಪರಂಪರೆಯ ರಕ್ಷಣೆ, ಗ್ರಾಮೀಣಾಭಿವೃದ್ಧಿ ಮುಂತಾದವು ಅದರಲ್ಲಿವೆ, ಅದನ್ನು ಉದಾರವಾಗಿ ಅರ್ಥೈಸಬೇಕೆಂಬ ಸೂಚನೆಯೂ ಇದೆ. ಜಾತ್ರೆಗೆ ಪೆಂಡಾಲು, ಒಂದು ದಿನದ ಕ್ರಿಕೆಟ್ ಪಂದ್ಯಾವಳಿಗೆ ಬಹುಮಾನ, ಕಂಪನಿಯ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವ, ಕಂಪನಿಯ ನೌಕರರಿಗೇ ಆಗುವ ಅನುಕೂಲ, ರಾಜಕೀಯ ಪಕ್ಷಕ್ಕೆ ದೇಣಿಗೆ ಇವು ಯಾವುವೂ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಊರಿನ ಹಿರಿಯರು ಇವುಗಳನ್ನೂ ಶಾಲೆಯ ಬೇಡಿಕೆಯೊಂದಿಗೆ ಸೇರಿಸಿ ಬರೆಯಲು ಒತ್ತಾಯಿಸುವುದುಂಟು. ದಯವಿಟ್ಟು ಒಪ್ಪಬೇಡಿ, ಅಂಥ ಪಟ್ಟಿ ನೋಡಿದ ಕೂಡಲೇ ಇಡೀ ಅರ್ಜಿಯ ಮೇಲಿನ ನಂಬಿಕೆ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೀಗ ಬಿದ್ದ ಶೌಚಾಲಯ ಮತ್ತು ನೀರಿನ ಘಟಕದ ಮಾತು. ಕರ್ನಾಟಕದ ಬಯಲುಸೀಮೆಯಲ್ಲಿ ಇದು ಒಂದು ಊರಿನ ಕಥೆಯಲ್ಲ. ಕಂಪನಿಯ ದಾಖಲೆಯಲ್ಲಿ ಕೆಲಸ ಮುಗಿದಿದೆ, ಉದ್ಘಾಟನೆಯ ಫೋಟೊ ಇದೆ, ಹಣಬಳಕೆ ಪ್ರಮಾಣಪತ್ರ ಇದೆ. ಊರಿನಲ್ಲಿ ಮಾತ್ರ ನೀರಿಲ್ಲ. ‘ನಮ್ಮ ಕೆಲಸ ಮುಗಿದಿದೆ’ ಎಂಬ ಮಾತು ಕಾನೂನಿನ ಪ್ರಕಾರ ತಪ್ಪಲ್ಲ ಎಂಬುದೇ ಇಲ್ಲಿನ ಕಷ್ಟ. ಹಾಗೆ ಸೃಷ್ಟಿಯಾದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಸೇವಾ ಸಂಸ್ಥೆ, ಫಲಾನುಭವಿಗಳ ಸ್ವಸಹಾಯ ಗುಂಪಿನಂಥ ಸಂಘಟನೆ ಅಥವಾ ಸಾರ್ವಜನಿಕ ಪ್ರಾಧಿಕಾರ, ಇವುಗಳಲ್ಲೊಂದರ ವಶದಲ್ಲಿ ಅದು ಇರಬೇಕೆಂದು 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ಶಾಲೆಯ ಜಾಗದಲ್ಲಿ ಕಟ್ಟಿದ್ದು ಶಾಲೆಯದು, ಪಂಚಾಯಿತಿಯ ಜಾಗದಲ್ಲಿ ಹಾಕಿದ್ದು ಪಂಚಾಯಿತಿಯದು. ಹಸ್ತಾಂತರ ಪತ್ರಕ್ಕೆ ನಿಮ್ಮವರೇ ಯಾರೋ ಸಹಿ ಹಾಕಿರುತ್ತಾರೆ. ಆ ಪತ್ರವನ್ನು ಹುಡುಕಿ ತೆಗೆಸಿ. ನಿರ್ವಹಣೆ ಯಾರದ್ದೆಂದು ಅದರಲ್ಲಿ ಬರೆದಿದೆಯೋ ಇಲ್ಲವೋ ನೋಡಿ. ಶಾಲೆಯಲ್ಲಿ ಸಿಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅಥವಾ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಕೇಳಿ; ಖಾಸಗಿ ಕಂಪನಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬಾರದಿದ್ದರೂ ಸರ್ಕಾರಿ ಕಚೇರಿಯಲ್ಲಿರುವ ಪ್ರತಿ ಬರುತ್ತದೆ.

ನೀರಿನ ಘಟಕವನ್ನೇ ತೆಗೆದುಕೊಳ್ಳೋಣ. ಫ್ಲೋರೈಡ್ ಇರುವ ಕೋಲಾರದ ಕೊಳವೆಬಾವಿ ನೀರಿಗೆ ಹಾಕುವ ಆರ್‌ಒ ಯಂತ್ರದಲ್ಲಿ ಪೊರೆ ಸವೆಯುತ್ತದೆ, ಪಂಪು ಕೆಡುತ್ತದೆ, ವಿದ್ಯುತ್ ಬಿಲ್ ಬರುತ್ತದೆ, ನೋಡಿಕೊಳ್ಳುವವರಿಗೆ ಸಂಬಳ ಬೇಕು. ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ಉದ್ಘಾಟನೆಗೆ ಮುಂಚೆಯೇ ಕೇಳಬೇಕಿತ್ತು. ಒಂದು ಲೆಕ್ಕ ಮಾಡಿ: ದಿನಕ್ಕೆ 100 ಕ್ಯಾನ್ ನೀರು ಹೋಗುತ್ತದೆ, ಕ್ಯಾನಿಗೆ 5 ರೂಪಾಯಿ ಎಂದರೆ ತಿಂಗಳಿಗೆ 15,000 ರೂಪಾಯಿ ಬರುತ್ತದೆ. ಅದರಲ್ಲಿ ಕ್ಯಾನಿಗೆ 1 ರೂಪಾಯಿಯಂತೆ ತೆಗೆದು ಬೇರೆ ಖಾತೆಯಲ್ಲಿಟ್ಟರೆ ವರ್ಷಕ್ಕೆ 36,000 ರೂಪಾಯಿ ರಿಪೇರಿಗೆಂದು ಉಳಿಯುತ್ತದೆ. ಆ ಖಾತೆ ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳ ಜಂಟಿ ಸಹಿಯಲ್ಲಿ ಇದ್ದು, ತಿಂಗಳ ಲೆಕ್ಕವನ್ನು ಘಟಕದ ಗೋಡೆಯ ಮೇಲೇ ಬರೆದಿಟ್ಟರೆ ಹಣ ಎಲ್ಲೂ ಸೋರುವುದಿಲ್ಲ. ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಒಳಹೋದ ನೀರಿನ ದೊಡ್ಡ ಪಾಲು, ಎಷ್ಟೋ ಕಡೆ ಅರ್ಧಕ್ಕಿಂತ ಹೆಚ್ಚು, ಲವಣ ತುಂಬಿಕೊಂಡು ಹೊರಗೆ ಹೋಗುತ್ತದೆ, ಅದನ್ನು ಕೊಳವೆಬಾವಿಯ ಪಕ್ಕದಲ್ಲೇ ಇಂಗಿಸಿದರೆ ಫ್ಲೋರೈಡ್ ಮತ್ತೆ ಅದೇ ನೀರಿಗೆ ಸೇರುತ್ತದೆ.

ಶೌಚಾಲಯದ ವಿಷಯವೂ ಹೀಗೆಯೇ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ರಾಮನಗರ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಶೌಚಾಲಯ ಕಟ್ಟಿಸುವುದರ ಜೊತೆಗೆ, 2015ರಲ್ಲಿ ‘ಎಬಿಸಿಡಿ’ ಎಂಬ ಹೆಸರಿನ ನಡವಳಿಕೆ ಬದಲಾವಣೆಯ ಕಾರ್ಯಕ್ರಮವನ್ನು ಆರಂಭಿಸಿತು. ಶೌಚಾಲಯ ಬಳಸುವ, ಸ್ವಚ್ಛವಾಗಿಡುವ ರೂಢಿಯನ್ನು ಮಕ್ಕಳಲ್ಲಿ ಬೆಳೆಸಿ, ಅವರ ಮೂಲಕ ಮನೆಗೂ ಊರಿಗೂ ತಲುಪಿಸುವುದು ಅದರ ಉದ್ದೇಶ. ಕಟ್ಟಡದ ಮೇಲೆ ಹಾಕುವ ಹಣಕ್ಕಿಂತ ಇಂಥದ್ದಕ್ಕೆ ಹಾಕುವ ಹಣ ಹೆಚ್ಚು ಬಾಳುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ. ನಿಮ್ಮ ಶಾಲೆಯಲ್ಲಿ ಬೀಗ ಬಿದ್ದಿರುವುದಕ್ಕೆ ಕಾರಣ ಏನೆಂದು ಮೊದಲು ಖಚಿತಪಡಿಸಿಕೊಳ್ಳಿ: ನೀರಿಲ್ಲವೇ, ಗುಂಡಿ ತುಂಬಿದೆಯೇ, ತೊಳೆಯುವವರಿಲ್ಲವೇ, ಬಾಗಿಲು ಮುರಿದಿದೆಯೇ? ದೊಡ್ಡ ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಶಾಲೆ ತಪ್ಪಿಸುವುದಕ್ಕೆ ಇದೂ ಒಂದು ಕಾರಣವಾಗಿರುತ್ತದೆ. ಹಾಜರಿ ಪುಸ್ತಕವನ್ನು ಮುಖ್ಯೋಪಾಧ್ಯಾಯರ ಜೊತೆ ಕೂತು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಆ ಅಂಕಿ ನಿಮ್ಮ ಅರ್ಜಿಯಲ್ಲಿರಬೇಕು.

ಹಾಗಾದರೆ ರಿಪೇರಿಗೆ ಮತ್ತೆ ಕೇಳಬಾರದೇ? ಕೇಳಬಹುದು, ಆದರೆ ಬೇರೆ ರೀತಿಯಲ್ಲಿ. ‘ಮುಂದುವರಿಯುವ ಯೋಜನೆ’ ಎಂಬ ವರ್ಗ ನಿಯಮದಲ್ಲಿದೆ. ಆರಂಭವಾದ ಆರ್ಥಿಕ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷಗಳವರೆಗೆ ಅಂಥ ಯೋಜನೆ ನಡೆಯಬಹುದು. ವರ್ಷಾಂತ್ಯದಲ್ಲಿ ಉಳಿದ ಹಣವನ್ನು ಕಂಪನಿ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ಆ ಯೋಜನೆಗೆಂದೇ ಮೂರು ವರ್ಷಗಳಲ್ಲಿ ಖರ್ಚು ಮಾಡಬೇಕು. ಹೀಗೆ ಮುಂದುವರಿಯುವ ಯೋಜನೆಗೆ ಸೇರದ ಹಣ ಉಳಿದರೆ ಆರು ತಿಂಗಳೊಳಗೆ ಪ್ರಧಾನಮಂತ್ರಿಗಳ ಪರಿಹಾರ ನಿಧಿಯಂಥ ಅನುಸೂಚಿತ ನಿಧಿಗೆ ಕಟ್ಟಬೇಕು. ಎರಡನ್ನೂ ಮಾಡದಿದ್ದರೆ ಆ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ದಂಡ ಬೀಳುತ್ತದೆ. ಈ ನಿಯಮ ಬಂದ ಮೇಲೆ ಕಂಪನಿಗಳಿಗೂ ಹಲವು ವರ್ಷ ನಡೆಯುವ, ಲೆಕ್ಕ ಸರಿಯಾಗಿ ಸಿಗುವ ಯೋಜನೆಗಳು ಬೇಕಾಗಿವೆ. ‘ಶೌಚಾಲಯ ರಿಪೇರಿ ಮಾಡಿಕೊಡಿ’ ಎಂಬ ಒಂದು ಸಾಲಿನ ಬೇಡಿಕೆಯ ಬದಲು, ಮೊದಲ ವರ್ಷ ದುರಸ್ತಿ ಮತ್ತು ನೀರಿನ ಸಂಪರ್ಕ, ಮುಂದಿನ ಮೂರು ವರ್ಷ ಸ್ವಚ್ಛತೆ ಮಾಡುವವರ ವೇತನ ಹಾಗೂ ಮಕ್ಕಳ ತರಬೇತಿ, ಪ್ರತಿ ವರ್ಷ ಆ ವೇತನದಲ್ಲಿ ಒಂದಷ್ಟು ಪಾಲನ್ನು ಪಂಚಾಯಿತಿ ವಹಿಸಿಕೊಳ್ಳುತ್ತಾ ಕೊನೆಗೆ ಪೂರ್ತಿ ತಾನೇ ಕೊಡುವುದು ಎಂದು ಬರೆದುಕೊಡಿ. ಪಂಚಾಯಿತಿ ಹಾಗೆ ವಹಿಸಿಕೊಳ್ಳುತ್ತದೆ ಎಂಬುದಕ್ಕೆ ಗ್ರಾಮ ಸಭೆಯ ನಿರ್ಣಯದ ಪ್ರತಿ ಲಗತ್ತಿಸಿ. ಕಂಪನಿ ಊರಿನಿಂದ ಕೇಳುವ ಖಾತರಿ ಇದೇ.

ಕೋಲಾರ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಕೆಜಿಎಫ್‌ನಲ್ಲಿ ಗಣಿ ಕಂಪನಿಯೇ ಊರನ್ನು ಕಟ್ಟಿತು. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಬಂತು, ಆಸ್ಪತ್ರೆ, ವಸತಿ, ನೀರು ಎಲ್ಲವೂ ಗಣಿಯ ಜೊತೆಗೇ ಬೆಳೆದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಸಾವಿರಾರು ಜನ ಕೆಲಸ ಕಳೆದುಕೊಂಡರು. ಗಣಿಯನ್ನೇ ನೆಚ್ಚಿಕೊಂಡಿದ್ದ ಆಸ್ಪತ್ರೆಯೂ ಉಳಿಯಲಿಲ್ಲ. ಸಯನೈಡ್ ಮಣ್ಣಿನ ದಿಬ್ಬಗಳು ಮಾತ್ರ ಉಳಿದವು. ಕಂಪನಿಯ ನೆರವು ಎಷ್ಟೇ ದೊಡ್ಡದಿದ್ದರೂ ಪಂಚಾಯಿತಿ, ಶಾಲೆ, ಸರ್ಕಾರದ ಆರೋಗ್ಯ ಕೇಂದ್ರ ಇವುಗಳ ಜಾಗವನ್ನು ಅದು ತುಂಬುವಂತಾಗಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಕಂಪನಿ ಸಂಬಳ ಕೊಡುವ ಗಣಿತ, ಇಂಗ್ಲಿಷ್ ಶಿಕ್ಷಕರನ್ನು ತೆಗೆದುಕೊಳ್ಳುವಾಗಲೂ ಇದೇ ಎಚ್ಚರ ಇರಲಿ: ಅವರು ಬಂದ ಮೇಲೆ ಖಾಲಿ ಹುದ್ದೆ ತುಂಬಿಸಿ ಎಂದು ಇಲಾಖೆಯನ್ನು ಕೇಳುವುದನ್ನು ನಿಲ್ಲಿಸಿದರೆ, ಯೋಜನೆ ಮುಗಿದ ದಿನ ಮಕ್ಕಳಿಗೆ ಇಬ್ಬರೂ ಇಲ್ಲದಂತಾಗುತ್ತದೆ.

ಮಧ್ಯವರ್ತಿಯ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು. ಒಪ್ಪಬೇಡಿ. ಸಿಎಸ್‌ಆರ್ ಹಣ ನಿಮ್ಮ ಎಸ್‌ಡಿಎಂಸಿ ಖಾತೆಗೆ ಬರುವ ಹಣವಲ್ಲ, ಆದ್ದರಿಂದ ಅದರಲ್ಲಿ ಯಾರಿಗೂ ನೂರಕ್ಕೆ ಹತ್ತು ಕೊಡುವ ಪ್ರಶ್ನೆಯೇ ಹುಟ್ಟುವುದಿಲ್ಲ. ಕಂಪನಿ ಕೆಲಸವನ್ನು ತಾನೇ ಮಾಡಿಸುತ್ತದೆ, ಇಲ್ಲವೇ ಅರ್ಹ ಅನುಷ್ಠಾನ ಸಂಸ್ಥೆಯ ಮೂಲಕ ಮಾಡಿಸುತ್ತದೆ. ಕಂಪನಿಯಾಗಲಿ ಸರ್ಕಾರವಾಗಲಿ ಸ್ಥಾಪಿಸದ ಸ್ವತಂತ್ರ ಟ್ರಸ್ಟ್ ಅಥವಾ ಸೊಸೈಟಿಯಾದರೆ ಅದಕ್ಕೆ ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು, ಆದಾಯ ತೆರಿಗೆ ಕಾಯ್ದೆಯಡಿ ಸೇವಾ ಸಂಸ್ಥೆಗಳಿಗೆ ಕೊಡುವ ತೆರಿಗೆ ವಿನಾಯಿತಿಯ ನೋಂದಣಿ (12ಎ ಮತ್ತು 80ಜಿ) ಇರಬೇಕು, 2021ರ ಏಪ್ರಿಲ್‌ನಿಂದ ಈಚೆಗೆ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಪಡೆದ ನೋಂದಣಿ ಸಂಖ್ಯೆಯೂ ಇರಬೇಕು. ಮಂಜೂರಾದ ಹಣ ಮಂಜೂರಾದ ಕೆಲಸಕ್ಕೇ ಹೋಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಹೀಗಿರುವಾಗ ಕಮಿಷನ್ ಕೊಡಬೇಕಾದರೆ ಒಂದೋ ಕೆಲಸದ ಗುಣಮಟ್ಟದಲ್ಲಿ ಕಡಿತವಾಗಬೇಕು, ಇಲ್ಲವೇ ಸುಳ್ಳು ಬಿಲ್ ಬರೆಯಬೇಕು, ಆ ಬಿಲ್ಲಿನ ಮೇಲೆ ಸಹಿ ಇರುವುದು ಶಾಲೆಯವರದ್ದು ಮತ್ತು ನಿಮ್ಮದು. ಬಂದವರು ನಿಜವಾಗಿಯೂ ಸೇವಾ ಸಂಸ್ಥೆಯವರಾಗಿದ್ದರೆ ನೋಂದಣಿ ಸಂಖ್ಯೆ ಕೊಡಿ, ಹಿಂದೆ ಕೆಲಸ ಮಾಡಿದ ಶಾಲೆಗಳ ಹೆಸರು ಕೊಡಿ ಎಂದು ಕೇಳಿ, ಆ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ವಿಚಾರಿಸಿ. ಒಳ್ಳೆಯ ಸಂಸ್ಥೆಗಳು ಬೇಕಾದಷ್ಟಿವೆ, ಅವುಗಳ ಖರ್ಚನ್ನು ಕಂಪನಿ ಯೋಜನೆಯ ಲೆಕ್ಕದಲ್ಲೇ ಬಹಿರಂಗವಾಗಿ ಭರಿಸುತ್ತದೆ.

ಕೆರೆಯ ವಿಷಯವನ್ನು ನೀವು ಎರಡಾಗಿ ಬೇರ್ಪಡಿಸಬೇಕು. ಕಾರ್ಖಾನೆ ತನ್ನ ಕೊಳಕು ನೀರನ್ನು ಶುದ್ಧೀಕರಿಸುವುದು 1974ರ ಜಲ ಮಾಲಿನ್ಯ ಕಾಯ್ದೆಯಡಿ ಅದರ ಕರ್ತವ್ಯ. ಕಾನೂನಿನಂತೆ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಆದ್ದರಿಂದ ‘ನಮ್ಮ ಕೆರೆಗೆ ನೀರು ಬಿಡುತ್ತಿದ್ದೀರಿ, ಅದಕ್ಕೆ ಬದಲಾಗಿ ಶಾಲೆಗೆ ಬೆಂಚು ಕೊಡಿ’ ಎಂಬ ಒಪ್ಪಂದಕ್ಕೆ ಊರಿನ ಯಾರೂ ತಲೆಯಾಡಿಸಬಾರದು. ಒಮ್ಮೆ ಬೆಂಚು ಪಡೆದ ಮೇಲೆ ಕೆರೆಯ ಬಗ್ಗೆ ಮಾತನಾಡಲು ಊರಿನವರಿಗೇ ನಾಲಿಗೆ ಏಳುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂಬುದು ನಿಮಗೂ ಖಚಿತವಾಗಿ ತಿಳಿದಿರಲಾರದು, ಒಂದು ಕಾರ್ಖಾನೆಯದೋ, ಹಲವು ಘಟಕಗಳದೋ, ವಸತಿ ಬಡಾವಣೆಯ ಚರಂಡಿಯದೋ ಆಗಿರಬಹುದು. ದಿನಾಂಕ ಸಹಿತ ಫೋಟೊಗಳನ್ನು ಲಗತ್ತಿಸಿ, ನೀರಿನ ಮಾದರಿ ತೆಗೆದು ಪರೀಕ್ಷಿಸಿ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಲಾರದ ಪ್ರಾದೇಶಿಕ ಕಚೇರಿಗೆ ಗ್ರಾಮ ಪಂಚಾಯಿತಿಯ ಮೂಲಕ ಲಿಖಿತ ದೂರು ಕೊಡಿಸಿ. ಅಲ್ಲಿ ಪರಿಹಾರ ಸಿಗದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠದ ಮೊರೆ ಹೋಗಬಹುದು. ಈ ದೂರು ಮತ್ತು ಶಾಲೆಯ ಅರ್ಜಿ ಎಂದೂ ಒಂದೇ ಕಾಗದದಲ್ಲಿ ಇರಬಾರದು, ಒಬ್ಬರೇ ಒಯ್ಯಬಾರದು.

ಕೊಳಕು ನೀರು ನಿಂತ ಮೇಲೆ ಹೂಳೆತ್ತುವುದು, ರಾಜಕಾಲುವೆ ಬಿಡಿಸುವುದು, ಏರಿ ಭದ್ರಪಡಿಸುವುದು ಇವಕ್ಕೆ ಸಿಎಸ್‌ಆರ್ ಹಣ ಧಾರಾಳವಾಗಿ ಬಳಕೆಯಾಗಬಹುದು. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆಯನ್ನು 2017ರಲ್ಲಿ ಸನ್‌ಸೇರಾ ಎಂಜಿನಿಯರಿಂಗ್ ಕಂಪನಿಯ ಸಿಎಸ್‌ಆರ್ ನೆರವಿನಲ್ಲಿ, ಆಗ ಅದೇ ಕಂಪನಿಯಲ್ಲಿದ್ದ ಆನಂದ್ ಮಲ್ಲಿಗವಾಡ್ ಅವರು ಮುಂದೆ ನಿಂತು ಪುನಶ್ಚೇತನಗೊಳಿಸಿದರು. ತೆಗೆದ ಮಣ್ಣನ್ನು ಹೊರಗೆ ಸಾಗಿಸದೆ ಏರಿಗೂ ಕೆರೆಯೊಳಗಿನ ನಡುಗಡ್ಡೆಗಳಿಗೂ ಬಳಸಿದ್ದರಿಂದ ಖರ್ಚೂ ಹಿಡಿತದಲ್ಲಿತ್ತು, ಮಳೆ ಬಂದಾಗ ಕೆರೆ ತುಂಬಿತು. ನಿಮ್ಮ ಕೆರೆಗೆ ಹೀಗೆ ಮಾಡಿಸುವ ಮುಂಚೆ ಅದು ಯಾರ ಸುಪರ್ದಿಯಲ್ಲಿದೆ ಎಂದು ತಿಳಿಯಿರಿ. ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, 40 ಹೆಕ್ಟೇರ್‌ವರೆಗಿನ ಕೆರೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯಲ್ಲಿವೆ. ಸಂಬಂಧಪಟ್ಟ ಕಚೇರಿಯ ಅನುಮತಿ, ಸರ್ವೆ ನಕ್ಷೆ, ಒತ್ತುವರಿ ಇಲ್ಲವೆಂಬ ದಾಖಲೆ ಇಲ್ಲದೆ ಯಾವ ಕಂಪನಿಯೂ ಮುಂದೆ ಬರುವುದಿಲ್ಲ, ಬರಲೂಬಾರದು. ಕೋಲಾರದ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ನಿಮ್ಮ ಕೆರೆ ಆ ಸರಣಿಯಲ್ಲಿದ್ದರೆ ನೀರು ಖಾಲಿಯಾಗುವುದನ್ನು ಕಾದು ಹೂಳೆತ್ತುವ ಮಾತೇ ಬೇರೆಯಾಗುತ್ತದೆ, ಅದನ್ನು ಇಲಾಖೆಯ ಎಂಜಿನಿಯರರೊಂದಿಗೆ ಮೊದಲೇ ಚರ್ಚಿಸಿ.

ಈಗ ಅರ್ಜಿಯ ಮಾತು. ನಾಲ್ಕು ಪುಟ ಮೀರದಿರಲಿ. ಮಕ್ಕಳ ಸಂಖ್ಯೆ, ಅದರಲ್ಲಿ ಹೆಣ್ಣುಮಕ್ಕಳೆಷ್ಟು, ಈಗಿನ ಸ್ಥಿತಿಯ ಫೋಟೊ, ಎಂಜಿನಿಯರರಿಂದ ಮಾಡಿಸಿದ ಅಂದಾಜು ಪಟ್ಟಿ, ಜಾಗ ಶಾಲೆಯದೇ ಎಂಬ ದಾಖಲೆ, ಎಸ್‌ಡಿಎಂಸಿ ನಡಾವಳಿ, ಗ್ರಾಮ ಸಭೆಯ ನಿರ್ಣಯ, ಇದೇ ಕೆಲಸಕ್ಕೆ ಸರ್ಕಾರದ ಬೇರೆ ಅನುದಾನ ಮಂಜೂರಾಗಿಲ್ಲ ಎಂಬ ಬಿಇಒ ಅವರ ಪತ್ರ, ಕೊನೆಯಲ್ಲಿ ನಿರ್ವಹಣೆಯ ಲೆಕ್ಕ, ಇಷ್ಟಿದ್ದರೆ ಸಾಕು. ಊರಿನ ಪಾಲು ಏನೆಂಬುದೂ ಒಂದು ಸಾಲಿನಲ್ಲಿ ಬರಲಿ; ಹಣವೇ ಆಗಬೇಕಿಲ್ಲ, ಶ್ರಮದಾನವಾದರೂ ಸರಿ. ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣದಲ್ಲಿ ಸರ್ಕಾರಿ ಶಾಲೆಗಳು ತಮ್ಮ ಅಗತ್ಯಗಳನ್ನು ದಾಖಲಿಸಬಹುದು. ಅಲ್ಲಿಯೂ ನಿಮ್ಮ ಮುಖ್ಯೋಪಾಧ್ಯಾಯರಿಂದ ನಮೂದಿಸಿಡಿ. ಅರ್ಜಿಯ ಒಂದು ಪ್ರತಿಗೆ ಕಂಪನಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದನ್ನೇ ಇ-ಮೇಲ್ ಮೂಲಕ ಕಂಪನಿಯ ಮುಖ್ಯ ಕಚೇರಿಗೂ ಕಳುಹಿಸಿ.

ಒಪ್ಪಿಗೆ ಸಿಕ್ಕಿತೆನ್ನಿ. ಸಹಿ ಹಾಕುವ ಮುನ್ನ ಒಡಂಬಡಿಕೆಯ ಕನ್ನಡ ಪ್ರತಿ ಕೊಡಿ ಎಂದು ಕೇಳಿ, ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಜೋರಾಗಿ ಓದಿಸಿ. ಯಂತ್ರ ಅಥವಾ ಕಟ್ಟಡದ ದೋಷಕ್ಕೆ ಎಷ್ಟು ಕಾಲ ಖಾತರಿ, ಆ ಅವಧಿಯಲ್ಲಿ ಕೆಟ್ಟರೆ ಯಾರಿಗೆ ತಿಳಿಸಬೇಕು, ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂಬ ಮೂರು ಸಂಗತಿ ಅದರಲ್ಲಿ ಇಲ್ಲದಿದ್ದರೆ ಸೇರಿಸಿಸಿ. ಕೇಳಿದರೆ ಬಹುಪಾಲು ಕಂಪನಿಗಳು ಆಕ್ಷೇಪಿಸುವುದಿಲ್ಲ. ಎಸ್‌ಡಿಎಂಸಿಯ ಅವಧಿ ಮೂರು ವರ್ಷ, ಯೋಜನೆ ಅದಕ್ಕಿಂತ ದೀರ್ಘವಾಗಿರುತ್ತದೆ. ಆದ್ದರಿಂದ ಒಡಂಬಡಿಕೆ, ಅಂದಾಜು ಪಟ್ಟಿ, ಹಸ್ತಾಂತರ ಪತ್ರ, ರಿಪೇರಿ ಖಾತೆಯ ಪಾಸ್‌ಬುಕ್ ಇವುಗಳ ನಕಲು ಅಧ್ಯಕ್ಷರ ಮನೆಯಲ್ಲಿರದೆ ಶಾಲೆಯ ಕಡತದಲ್ಲಿರಲಿ, ಅವುಗಳ ಪಟ್ಟಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಸಮಿತಿಗೆ ಸಹಿ ಪಡೆದು ಒಪ್ಪಿಸಿ.